ಆಕ್ಸಿಲರೇಟರ್ ಒತ್ತಿದರೆ ಕಾರು ನಡುಗುತ್ತದೆಯೇ?

"ನಿಂತಾಗ ಏನೂ ಇಲ್ಲ ಕಣ್ರೀ, ನಿಧಾನಕ್ಕೆ ಹೋದ್ರೂ ಏನೂ ಇಲ್ಲ. ಸ್ವಲ್ಪ ಜೋರಾಗಿ ಆಕ್ಸಿಲರೇಟರ್ ಒತ್ತಿದೆ ಅಂದ್ರೆ ಸಾಕು, ಚಳಿಜ್ವರ ಬಂದವರ ಹಾಗೆ ಇಡೀ ಗಾಡಿ ಗಡಗಡ ನಡುಗುತ್ತೆ!"

ರಾಬರ್ಟ್‌ಸನ್‌ಪೇಟೆಯ ಎಂ.ಜಿ. ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಾ ಒಬ್ಬ ಗೃಹಿಣಿ ಇನ್ನೊಬ್ಬರಿಗೆ ಈ ಮಾತು ಹೇಳುವುದು ಈಗ ಆಶ್ಚರ್ಯದ ಸಂಗತಿಯಲ್ಲ. ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಂದಿನಿಂದ ಈ ಊರಿನ ಎಷ್ಟೋ ಮನೆಗಳ ಯಜಮಾನರು ನಸುಕಿನಲ್ಲೇ ಎದ್ದು, ಮಾರಿಕುಪ್ಪಮ್ಮಿನಲ್ಲೋ ಚಾಂಪಿಯನ್ನಿನಲ್ಲೋ ಊರಿಗಾಮಿನಲ್ಲೋ ರೈಲು ಹತ್ತಿ ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗುತ್ತಾರೆ. ವಾಪಸು ಬರುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ಮನೆಯಲ್ಲಿ ಒಂದು ಹಳೆಯ ಕಾರಿದ್ದರೆ ಹಗಲೆಲ್ಲ ಅದು ಯಾರ ಕೈಯಲ್ಲಿ? ನಿಮ್ಮ ಕೈಯಲ್ಲಿ! ಮಕ್ಕಳ ಶಾಲೆ, ಅತ್ತೆಯವರ ಆಸ್ಪತ್ರೆ, ರೇಷನ್ನು, ಬೇತಮಂಗಲದ ನೆಂಟರ ಮನೆ, ಎಲ್ಲಕ್ಕೂ ನೀವೇ ಸಾರಥಿ. ಆದರೆ ಕಾರು ಕೆಟ್ಟಾಗ ಮಾತ್ರ "ಅವರು ಬರಲಿ, ನೋಡೋಣ" ಅನ್ನುತ್ತೇವೆ. ಅವರಿಗೆ ಭಾನುವಾರ ಒಂದೇ ದಿನ ರಜ. ಭಾನುವಾರ ಗ್ಯಾರೇಜಿಗೂ ರಜ!

ಈ ನಡುಕದಲ್ಲಿ ಜೀವದ ಪ್ರಶ್ನೆಯೂ ಇದೆ, ದುಡ್ಡಿನ ಪ್ರಶ್ನೆಯೂ ಇದೆ. ಜೀವದ ವಿಷಯಕ್ಕೆ ಮುಂದೆ ಬರುತ್ತೇನೆ. ದುಡ್ಡಿನದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅದು ನಾನು ಹತ್ತಿರದಿಂದ ಕಂಡದ್ದು.

ನಮ್ಮ ಪರಿಚಯದ ಒಬ್ಬಾಕೆಯ ಕಾರು ಹೀಗೇ ನಡುಗುತ್ತಿತ್ತು. ಆಕೆ ವಾರಕ್ಕೆ ಎರಡು ಬಾರಿ ಅತ್ತೆಯನ್ನು ಡಯಾಲಿಸಿಸ್‌ಗಾಗಿ ಕೋಲಾರಕ್ಕೆ ಕರೆದೊಯ್ಯಬೇಕು. ಗಾಡಿ ನಿಲ್ಲುವ ಹಾಗೇ ಇಲ್ಲ. ಒಂದು ಗ್ಯಾರೇಜಿನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಟೈರೆಲ್ಲಾ ಹೋಗಿದೆಮ್ಮ, ನಾಲ್ಕೂ ಬದಲಾಯಿಸಿ" ಎಂದರು. ಮಗಳ ಕಾಲೇಜು ಫೀಸಿಗೆಂದು ಕಟ್ಟಿದ್ದ ಚೀಟಿಯ ಹಣ ಎತ್ತಿ ನಾಲ್ಕು ಹೊಸ ಟೈರು ಹಾಕಿಸಿದ್ದಾಯಿತು. ಮನೆಗೆ ಬರುವ ದಾರಿಯಲ್ಲೇ ನಡುಕ ಮತ್ತೆ ಹಾಜರ್! ಎರಡನೆಯವರು ಪ್ಲಗ್ಗು ಬದಲಾಯಿಸಿದರು. ನಡುಕ ಅಲ್ಲಾಡಲಿಲ್ಲ. ಕೊನೆಗೆ ಅದನ್ನು ಕಂಡುಹಿಡಿದದ್ದು ಬೆಮೆಲ್ ಕಾರ್ಖಾನೆಯಿಂದ ನಿವೃತ್ತರಾದ ಪಕ್ಕದ ಬೀದಿಯ ಹಿರಿಯರೊಬ್ಬರು. ಬುಲ್ಡೋಜರ್ ಜೋಡಿಸಿ ಜೋಡಿಸಿ ಪಳಗಿದ ಕಿವಿ ಅವರದು. ಕಾರನ್ನು ಮುಟ್ಟುವ ಮೊದಲು ಅವರು ಮೂರೇ ಪ್ರಶ್ನೆ ಕೇಳಿದರು. "ಯಾವಾಗ ನಡುಗುತ್ತಮ್ಮ? ಯಾವಾಗ ನಿಲ್ಲುತ್ತೆ? ಎಲ್ಲಿ ಗೊತ್ತಾಗುತ್ತೆ, ಕೈಗೋ ಸೀಟಿಗೋ?"

ಆ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ದಿನವೂ ಕಾರು ಓಡಿಸುವವರೇ ಹೊರತು ಮೆಕ್ಯಾನಿಕ್ಕಲ್ಲ.

ನಡುಕ ಅಂದರೆ ಈ ಊರಿನವರಿಗೆ ಹೊಸದೇನೂ ಅಲ್ಲ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಚಾಂಪಿಯನ್ ರೀಫ್‌ನ ಆಳ ಮೂರು ಕಿಲೋಮೀಟರನ್ನೂ ಮೀರಿತ್ತು. ಅಲ್ಲಿ ಒತ್ತಡ ತಾಳಲಾರದೆ ಬಂಡೆ ಸಿಡಿದರೆ ಮೇಲೆ ಮನೆಗಳ ಶೆಲ್ಫಿನ ಪಾತ್ರೆಗಳು ಝಣಝಣ ಎನ್ನುತ್ತಿದ್ದವು. ಇಲ್ಲಿಯವರ ಬಾಯಲ್ಲಿ ಅದು 'ಏರ್ ಬ್ಲಾಸ್ಟ್'. ಆ ಕಂಪನ ಎಲ್ಲಿ ಹುಟ್ಟಿತು ಎಂದು ತಿಳಿಯಲು ನೆಲದ ಮೇಲೆ ಅಲ್ಲಲ್ಲಿ ಯಂತ್ರಗಳನ್ನಿಟ್ಟು, ಯಾವ ಕಡೆ ಎಷ್ಟು ಹೊತ್ತಿಗೆ ತಲುಪಿತೆಂದು ಲೆಕ್ಕ ಹಾಕುತ್ತಿದ್ದರು. ಕಾರಿನ ವಿಷಯದಲ್ಲೂ ಅದೇ ಉಪಾಯ. ಎಲ್ಲಿ, ಯಾವಾಗ ಎಂದು ಗೊತ್ತಾದರೆ ಅರ್ಧ ರೋಗ ಗೊತ್ತಾದ ಹಾಗೆ.

ಮೊದಲು ಅಂಗಳದಲ್ಲೇ ಒಂದು ಪರೀಕ್ಷೆ

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆಯಿರಿ, ಗೇರು ನ್ಯೂಟ್ರಲ್‌ನಲ್ಲಿರಲಿ. ಮಕ್ಕಳು ಕಾರಿನ ಮುಂದೆ ಆಡುತ್ತಿರಬಾರದು, ನೆನಪಿರಲಿ. ಈಗ ಎಂಜಿನ್ ಚಾಲೂ ಮಾಡಿ, ನಿಧಾನವಾಗಿ ಆಕ್ಸಿಲರೇಟರ್ ಒತ್ತಿ ನೋಡಿ. ನಿಂತಲ್ಲೇ ಕಾರು ನಡುಗಿತೇ? ಹಾಗಾದರೆ ಚಕ್ರದ ಮೇಲೆ ಅನುಮಾನ ಬೇಡ, ಅದು ಸುತ್ತುತ್ತಲೇ ಇಲ್ಲವಲ್ಲ! ತೊಂದರೆ ಎಂಜಿನ್ ಕಡೆಯದು.

ಎಂಜಿನ್ ಕಡೆ ಸಾಮಾನ್ಯವಾಗಿ ಎರಡು ಕಾಯಿಲೆ. ಒಂದು, ಎಂಜಿನ್ ಕೂತಿರುವ ರಬ್ಬರ್ ಮೆತ್ತೆಗಳದ್ದು. ಗ್ಯಾರೇಜಿನಲ್ಲಿ ಇದನ್ನು 'ಮೌಂಟಿಂಗ್' ಅನ್ನುತ್ತಾರೆ. ರುಬ್ಬುವ ಗ್ರೈಂಡರಿನ ಕೆಳಗಿನ ರಬ್ಬರ್ ಕಾಲುಗಳಲ್ಲಿ ಒಂದು ಬಿದ್ದುಹೋದರೆ ಅದು ಅಡುಗೆಮನೆಯ ಕಟ್ಟೆಯನ್ನೆಲ್ಲ ಹೇಗೆ ನಡುಗಿಸುತ್ತದೆ ನೋಡಿದ್ದೀರಲ್ಲ? ಅದೇ ಕಥೆ. ಗ್ರೈಂಡರು ಸರಿಯಾಗೇ ಇದೆ, ಕಾಲು ಕೆಟ್ಟಿದೆ. ಸಿಗ್ನಲ್ಲಿನಲ್ಲಿ ನಿಂತಾಗ ಡ್ಯಾಶ್‌ಬೋರ್ಡು ನಡುಗುವುದು, ಏ.ಸಿ. ಹಾಕಿದರೆ ಇನ್ನೂ ಹೆಚ್ಚಾಗುವುದು, ಗೇರು ಬದಲಾಯಿಸುವಾಗ 'ದಡ್' ಎಂದು ಒಂದು ಏಟು ಕೇಳುವುದು, ಇವು ಮೌಂಟಿಂಗ್ ಹೋದದ್ದರ ಗುರುತು.

ಇನ್ನೊಂದು, ಎಂಜಿನ್ನಿನ ಒಂದು ಸಿಲಿಂಡರ್ ಕೆಲಸಕ್ಕೆ ಚಕ್ಕರ್ ಹೊಡೆಯುವುದು! ಗ್ಯಾಸ್ ಸ್ಟವ್ವಿನ ಬರ್ನರಿನಲ್ಲಿ ಕೆಲವು ತೂತು ಕಟ್ಟಿಕೊಂಡರೆ ಉರಿ ಪುಕುಪುಕು ಎನ್ನುವುದಿಲ್ಲವೇ, ಹಾಗೆ. ಸ್ಪಾರ್ಕ್ ಪ್ಲಗ್ಗೋ, ಅದಕ್ಕೆ ಕರೆಂಟು ಕೊಡುವ ಕಾಯಿಲ್ಲೋ, ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರೋ ಕೈಕೊಟ್ಟಿರುತ್ತದೆ. ಇದು ದಿಣ್ಣೆ ಹತ್ತುವಾಗ, ಕಾರಿನ ತುಂಬ ಜನರಿದ್ದಾಗ ಹೆಚ್ಚು. ನಡುಕಕ್ಕಿಂತ ಮುಗ್ಗರಿಸುವ ಹಾಗೆ ಅನಿಸುತ್ತದೆ, ಗಾಡಿ ಎಳೆಯುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಮೀಟರಿನ ಬಳಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಂಡರೆ ಅನುಮಾನ ಖಾತ್ರಿ. ಆ ದೀಪ ಹೊತ್ತಿದ್ದರೆ ಬೇಗ ತೋರಿಸಿ. ಮಿಣುಕುತ್ತಿದ್ದರೆ ಮಾತ್ರ ಮುಂದೆ ಓಡಿಸಲೇಬೇಡಿ. ಉರಿಯದ ಪೆಟ್ರೋಲು ಹೊಗೆಕೊಳವೆಗೆ ಹೋಗಿ, ಅಲ್ಲಿರುವ ಬೆಲೆಬಾಳುವ ಶೋಧಕವನ್ನೇ ಸುಟ್ಟುಬಿಡುತ್ತದೆ. ಈಗಿನ ಕಾರುಗಳಿಗೆ ಸ್ಕ್ಯಾನರ್ ಚುಚ್ಚಿದರೆ ಯಾವ ಸಿಲಿಂಡರ್ ಎಂದು ಅದೇ ಹೇಳುತ್ತದೆ. 'ಪಿ 0301' ಎಂದು ಬಂದರೆ ಒಂದನೆಯದು, 'ಪಿ 0302' ಎಂದರೆ ಎರಡನೆಯದು. ಚೀಟಿಯಲ್ಲಿ ಬರೆದುಕೊಂಡು ಬನ್ನಿ, ಮೊಬೈಲಿನಲ್ಲಿ ಫೋಟೋ ಹಿಡಿದರೂ ಆದೀತು.

ಇನ್ನು ಕ್ಲಚ್ಚಿನ ನಡುಕವೊಂದಿದೆ. ಅದು ಒಂದನೇ ಗೇರಿನಲ್ಲೋ ರಿವರ್ಸಿನಲ್ಲೋ ಕ್ಲಚ್ ಬಿಡುವ ಆ ಒಂದು ಕ್ಷಣ ಮಾತ್ರ. ಗಾಡಿ ಹೊರಟ ಮೇಲೆ ಇರುವುದಿಲ್ಲ. ಅದಿರಲಿ.

ರಸ್ತೆಯ ಪರೀಕ್ಷೆ

ನಿಂತಲ್ಲಿ ನಡುಗದ ಕಾರು ಓಡುವಾಗ ನಡುಗಿದರೆ ರಸ್ತೆಗೇ ಹೋಗಬೇಕು. ವಾಹನ ಸಂಚಾರ ಕಡಮೆ ಇರುವ, ನೇರವಾದ, ಹಳ್ಳಕೊಳ್ಳವಿಲ್ಲದ ರಸ್ತೆಯಾಗಲಿ. ಒಬ್ಬರೇ ಹೋಗಬೇಡಿ, ಪಕ್ಕದಲ್ಲಿ ಯಾರಾದರೂ ಕೂತು ಬರೆದುಕೊಳ್ಳಲಿ. ಹೊರಡುವ ಮೊದಲು ನಾಲ್ಕು ಚಕ್ರದ ನಟ್ಟುಗಳೂ ಬಿಗಿಯಾಗಿವೆಯೇ ಎಂದು ಪಾನದಲ್ಲಿ ತಿರುಗಿಸಿ ನೋಡಿ. ಇದೇ ಆ ಜೀವದ ವಿಷಯ. ಪಂಕ್ಚರ್ ಹಾಕಿಸಿದ ಮೇಲೋ ಟೈರು ಬದಲಾಯಿಸಿದ ಮೇಲೋ ಹೊಸದಾಗಿ ನಡುಕ ಶುರುವಾಗಿದ್ದರೆ, ಮೊದಲ ಅನುಮಾನ ಸಡಿಲವಾದ ನಟ್ಟಿನ ಮೇಲೇ. ಗಾಡಿಯನ್ನು ಅಲ್ಲೇ ನಿಲ್ಲಿಸಿ ಬಿಗಿ ಮಾಡಿ. "ಮನೆಗೆ ಹೋಗಿ ನೋಡೋಣ" ಎನ್ನಬೇಡಿ, ಓಡುವಾಗ ಚಕ್ರ ಕಳಚಿಕೊಂಡರೆ ಗತಿಯೇನು? ಟೈರಿನ ಪಕ್ಕದಲ್ಲಿ ಮೊಟ್ಟೆಯ ಹಾಗೆ ಉಬ್ಬಿದ್ದರೂ ಅಷ್ಟೆ, ಆ ಟೈರಿನಲ್ಲಿ ಒಂದು ಮೈಲಿಯೂ ಬೇಡ.

ಈಗ ಗಂಟೆಗೆ ಐವತ್ತು ಕಿಲೋಮೀಟರಿಗೆ ಬನ್ನಿ. ಅಲ್ಲಿಂದ ಆಕ್ಸಿಲರೇಟರ್ ಒತ್ತಿ ವೇಗ ಏರಿಸಿ. ನಡುಗಿತೇ? ತಕ್ಷಣ ಕಾಲೆತ್ತಿ. ಬ್ರೇಕು ಒತ್ತಬೇಡಿ, ಬರೀ ಕಾಲೆತ್ತಿ. ಕಾರಿನ ವೇಗ ಒಮ್ಮೆಗೇ ಇಳಿದುಹೋಗುವುದಿಲ್ಲ, ಹೆಚ್ಚುಕಡಮೆ ಅಷ್ಟೇ ಇರುತ್ತದೆ. ನಡುಕವೂ ಇದೆಯೋ, ಇಲ್ಲ ಫಕ್ಕನೆ ನಿಂತಿತೋ? ಇಡೀ ಪರೀಕ್ಷೆಯ ಜೀವಾಳ ಇದು.

ಕಾಲೆತ್ತಿದರೂ ನಡುಗುತ್ತಲೇ ಇದ್ದರೆ ಅದು ಚಕ್ರದ ನಡುಕ. ವಾಷಿಂಗ್ ಮೆಷಿನ್ನಿನಲ್ಲಿ ಹೊದಿಕೆ ಒಂದೇ ಕಡೆ ಮುದ್ದೆಯಾದರೆ ತಿರುಗುವಾಗ ಮೆಷಿನ್ನು ಕುಣಿಯುತ್ತದಲ್ಲ, ಹಾಗೆ ಚಕ್ರದಲ್ಲೂ ಒಂದು ಕಡೆ ತೂಕ ಹೆಚ್ಚಾಗಿರುತ್ತದೆ. ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಸಣ್ಣ ಕಾರಿನ ಚಕ್ರ ಒಂದು ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ಸುತ್ತುತ್ತದೆ. ಆ ಓಟದಲ್ಲಿ ಕೆಲವೇ ಗ್ರಾಂ ಹೆಚ್ಚುಕಡಮೆಯಾದರೂ ಸ್ಟೀರಿಂಗು ಕೈಯಲ್ಲಿ ಜುಮುಜುಮು ಎನ್ನುತ್ತದೆ. ಹೆಚ್ಚಾಗಿ ಇದು ತೋರುವುದು ಎಂಬತ್ತರಿಂದ ನೂರರ ನಡುವೆ. ಊರೊಳಗೆ ಮೂವತ್ತು ನಲವತ್ತರಲ್ಲಿ ಓಡಿಸುವವರಿಗೆ ವರ್ಷಗಟ್ಟಲೆ ಗೊತ್ತೇ ಆಗದೆ, ಬೇತಮಂಗಲದ ಬಳಿ ಹಾಯುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೆ ಹತ್ತಿದ ದಿನ ಗಾಬರಿಯಾಗುವುದು ಇದರಿಂದಲೇ. ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸಿದರೆ ಬಹುಪಾಲು ಸರಿಹೋಗುತ್ತದೆ, ಖರ್ಚೂ ಅಲ್ಪ. ಹಾಂ, ಅದಕ್ಕೂ ಮುಂಚೆ ಚಕ್ರದ ಒಳಬದಿಯನ್ನು ಒಮ್ಮೆ ನೀರು ಹೊಡೆದು ತೊಳೆಯಿರಿ. ಮಳೆಗಾಲದಲ್ಲಿ ಹಳ್ಳಿಯ ರಸ್ತೆಗೆ ಹೋಗಿ ಬಂದರೆ ಕೆಂಪುಮಣ್ಣು ಅಲ್ಲಿ ಮೆತ್ತಿ ಒಣಗಿ ಇಟ್ಟಿಗೆಯಂತಾಗಿರುತ್ತದೆ. ಬರೀ ಒಂದು ಬಕೆಟ್ ನೀರಿನಲ್ಲಿ ವಾಸಿಯಾದ ಕಾರುಗಳೂ ಉಂಟು!

ಬ್ರೇಕು ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕಿನ ತೊಂದರೆ. ಅದು ಬೇರೆಯೇ ಅಧ್ಯಾಯ.

ಕಾಲೆತ್ತಿದ ಕೂಡಲೆ ನಡುಕ ಫಕ್ಕನೆ ನಿಂತು, ಮತ್ತೆ ಒತ್ತಿದ ಕೂಡಲೆ ಬಂದರೆ? ಆಗ ಅದು ಭಾರ ಎಳೆಯುವಾಗಿನ ನಡುಕ. ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ದಾರಿಯಲ್ಲಿ ಏನೋ ಸವೆದಿದೆ, ಇಲ್ಲವೇ ಎಂಜಿನ್ನೇ ಭಾರಕ್ಕೆ ಮುಗ್ಗರಿಸುತ್ತಿದೆ. ಇವೆರಡನ್ನು ಬೇರ್ಪಡಿಸಲು ಇನ್ನೊಂದು ಸುಲಭ ಉಪಾಯವಿದೆ. ಐವತ್ತರ ವೇಗದಲ್ಲೇ ಒಮ್ಮೆ ಮೂರನೇ ಗೇರಿನಲ್ಲಿ, ಒಮ್ಮೆ ನಾಲ್ಕನೇ ಗೇರಿನಲ್ಲಿ ಒತ್ತಿ ನೋಡಿ. ಗೇರು ಬದಲಾದರೆ ಎಂಜಿನ್ನಿನ ಸುತ್ತು ಬದಲಾಗುತ್ತದೆ, ಚಕ್ರದ ಸುತ್ತು ಬದಲಾಗುವುದಿಲ್ಲ. ಗೇರಿನ ಜೊತೆ ನಡುಕದ ತಾಳವೂ ಬದಲಾದರೆ ಎಂಜಿನ್ ಕಡೆ ನೋಡಿ. ಯಾವ ಗೇರಾದರೂ ಅದೇ ವೇಗಕ್ಕೆ ಅದೇ ತಾಳ ಎಂದಾದರೆ ಎಂಜಿನ್ ಪಾಪ ನಿರಪರಾಧಿ.

'ಆಕ್ಸಿಲ್ ಪೋಚ್ಚು ಅಮ್ಮಾ'

ನಮ್ಮ ಪರಿಚಯದಾಕೆಯ ಕಾರಿನಲ್ಲಿ ಆದದ್ದು ಇದೇ. ಒತ್ತಿದರೆ ನಡುಕ, ಕಾಲೆತ್ತಿದರೆ ಮಾಯ, ಗೇರು ಯಾವುದಾದರೂ ಒಂದೇ ತಾಳ. ಅದೂ ಸ್ಟೀರಿಂಗಿಗಿಂತ ಹೆಚ್ಚಾಗಿ ಕಾರಿನ ಮುಂಭಾಗವೇ ಸೊಂಟ ಅಲ್ಲಾಡಿಸಿದ ಹಾಗೆ ಅತ್ತಿತ್ತ. ಹಿರಿಯರು ಹೇಳಿಕಳಿಸಿದ ಮೆಕ್ಯಾನಿಕ್ ಹುಡುಗ ಕಾರಿನ ಕೆಳಗಿಳಿದು, ಎದ್ದು ಬಂದು, ಗ್ರೀಸಾದ ಕೈ ತೋರಿಸಿ ಹೇಳಿದನಂತೆ: "ಆಕ್ಸಿಲ್ ಪೋಚ್ಚು ಅಮ್ಮಾ!" ನಮ್ಮ ಊರಿನ ಗ್ಯಾರೇಜುಗಳಲ್ಲಿ ಕಾರು ಕೆಡುವುದು ತಮಿಳಿನಲ್ಲಿ, ಬಿಲ್ಲು ಬರುವುದು ಇಂಗ್ಲಿಷಿನಲ್ಲಿ, ಚೌಕಾಸಿ ಮಾತ್ರ ಕನ್ನಡ, ತೆಲುಗು, ಉರ್ದು ಎಲ್ಲದರಲ್ಲೂ!

ಈ 'ಆಕ್ಸಿಲ್' ಅಂದರೆ ಏನು? ಈಗಿನ ಸಣ್ಣ ಕಾರುಗಳಲ್ಲಿ ಬಹುಪಾಲಿನವು ಮುಂದಿನ ಚಕ್ರದಿಂದ ಎಳೆಯುವಂಥವು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಈ ಏರ್ಪಾಡನ್ನು ನಮ್ಮ ಮನೆಮನೆಗೂ ತಂದಿತು. ಗೇರ್‌ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ದಂಡ ಹೊರಟು ಚಕ್ರಗಳನ್ನು ತಿರುಗಿಸುತ್ತದೆ. ಚಕ್ರವೋ, ಹಳ್ಳ ಬಂದರೆ ಮೇಲೆ ಕೆಳಗೆ ಹಾರಬೇಕು, ತಿರುವು ಬಂದರೆ ಹೊರಳಬೇಕು. ದಂಡ ಸೆಟೆದುಕೊಂಡಿದ್ದರೆ ಇದೆಲ್ಲ ಆಗುತ್ತದೆಯೇ? ಅದಕ್ಕೇ ನಮ್ಮ ಕೈಗೆ ಮಣಿಕಟ್ಟು, ಮೊಣಕೈ ಇರುವ ಹಾಗೆ ದಂಡದ ಎರಡು ತುದಿಗೂ ಒಂದೊಂದು ಕೀಲು. ಗ್ಯಾರೇಜಿನ ಮಾತಿನಲ್ಲಿ 'ಸಿ.ವಿ. ಜಾಯಿಂಟ್'.

ಗೇರ್‌ಬಾಕ್ಸಿನ ಕಡೆಯ ಒಳಗಿನ ಕೀಲಿನಲ್ಲಿ ಸಾಮಾನ್ಯವಾಗಿ ಮೂರು ಉರುಳೆಗಳು ಮೂರು ಗಾಡಿಗಳಲ್ಲಿ ಹಿಂದೆ ಮುಂದೆ ಜಾರುತ್ತಿರುತ್ತವೆ. ವರ್ಷಗಟ್ಟಲೆ ಉರುಳಿ ಉರುಳಿ ಆ ಗಾಡಿಗಳಲ್ಲಿ ಸಣ್ಣ ಗುಳಿ ಬೀಳುತ್ತದೆ. ಬರಿದೆ ಉರುಳುವಾಗ ಏನೂ ಇಲ್ಲ, ಭಾರ ಬಿದ್ದಾಗ ಉರುಳೆ ಗುಳಿಯಲ್ಲಿ ಸಿಕ್ಕಿ ಸಿಕ್ಕಿ ಏಳುತ್ತದೆ. ಮಿಕ್ಸಿಯ ಜಾರಿನ ಕೆಳಗಿನ ಕಪ್ಲರ್ ಸವೆದಾಗ ಏನಾಗುತ್ತದೆ, ನೆನೆಸಿಕೊಳ್ಳಿ. ಖಾಲಿ ಜಾರು ಸೊಗಸಾಗಿ ತಿರುಗುತ್ತದೆ. ತೆಂಗಿನಕಾಯಿ, ಹುರಿಗಡಲೆ ಹಾಕಿ ಗುಂಡಿ ತಿರುಗಿಸಿ, ಆಗ ಗೊತ್ತಾಗುತ್ತದೆ ಅದರ ಬಣ್ಣ! ಮೋಟಾರೂ ಸರಿ, ಬ್ಲೇಡೂ ಸರಿ, ನಡುವಿನ ಕೊಂಡಿ ಕೆಟ್ಟಿರುತ್ತದೆ. ಚಕ್ರದ ಕಡೆಯ ಹೊರಗಿನ ಕೀಲು ಸವೆದರೆ ಮಾತ್ರ ಲಕ್ಷಣ ಬೇರೆ. ಸ್ಟೀರಿಂಗು ಪೂರ್ತಿ ತಿರುಗಿಸಿ ಹೊರಟಾಗ 'ಕಟಕಟ ಕಟಕಟ' ಎಂಬ ಸದ್ದು ಬರುತ್ತದೆ.

ಕೀಲು ಸವೆಯಲು ಮುಖ್ಯ ಕಾರಣ ಮೇಲೆ ಹಾಕಿರುವ ರಬ್ಬರ್ ಚೀಲ ಹರಿಯುವುದು. ಹಾರ್ಮೋನಿಯಮ್ಮಿನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಕಪ್ಪು ಚೀಲ, ಇದಕ್ಕೆ 'ಬೂಟು' ಎನ್ನುತ್ತಾರೆ. ಒಳಗಿನ ಗ್ರೀಸು ಚೆಲ್ಲದಂತೆ, ಹೊರಗಿನ ಮಣ್ಣು ನುಗ್ಗದಂತೆ ಕಾಪಾಡುವುದೇ ಅದರ ಕೆಲಸ. ಕುಕ್ಕರಿನ ಗ್ಯಾಸ್ಕೆಟ್ ಇದ್ದ ಹಾಗೆ, ಅಗ್ಗದ ವಸ್ತು, ಆದರೆ ಅದು ಹೋದರೆ ಕುಕ್ಕರೇ ಇಲ್ಲ. ಬೂಟು ಹರಿದ ಹೊಸತರಲ್ಲೇ ಕಂಡರೆ ಕೀಲನ್ನು ತೊಳೆದು, ಹೊಸ ಗ್ರೀಸು ತುಂಬಿ, ಬೂಟು ಮಾತ್ರ ಬದಲಾಯಿಸಿದರೆ ಮುಗಿಯಿತು. ತಿಂಗಳುಗಟ್ಟಲೆ ಹಾಗೇ ಓಡಿಸಿದರೆ ಮಣ್ಣು ಹೋಗಿ ಕೀಲನ್ನು ತಿಂದುಹಾಕುತ್ತದೆ, ಆಗ ದಂಡ ಸಮೇತ ಬದಲಾಯಿಸಬೇಕು. ನಡುಕ ಬಂದಮೇಲೂ ಓಡಿಸುತ್ತ ಹೋದರೆ ಒಂದು ದಿನ ಕೀಲು ಕಳಚಿ ಗಾಡಿ ನಡುರಸ್ತೆಯಲ್ಲಿ ನಿಂತುಬಿಡುತ್ತದೆ. ಹಿಂದಿನ ಸೀಟಿನಲ್ಲಿ ಡಯಾಲಿಸಿಸ್ ಮುಗಿಸಿ ಸುಸ್ತಾದ ಮುದುಕಿ ಇದ್ದರೆ ಏನು ಮಾಡುತ್ತೀರಿ, ಹೇಳಿ.

ಆಕೆಯ ಕಾರಿನ ಒಂದು ಕಡೆಯ ಆಕ್ಸಿಲ್ ಬದಲಾಯಿಸಿದರು. ಅದಕ್ಕೆ ಆದ ಖರ್ಚು ನಾಲ್ಕು ಟೈರಿನ ಅರ್ಧದಷ್ಟೂ ಇಲ್ಲ. ನಡುಕ ಹೋಯಿತು. ಚೀಟಿಯ ದುಡ್ಡು ಮಾತ್ರ ಟೈರಿನಲ್ಲೇ ಉಳಿಯಿತು. ಫೀಸಿಗೆ ಬಳೆ ಅಡವಿಟ್ಟರಂತೆ.

ನಿಮ್ಮ ಮನೆಯದು ಈಕೋ ಆಗಿದ್ದರೆ, ಹಳೆಯ ಓಮ್ನಿಯೋ ಬೊಲೆರೋವೋ ಅಂಬಾಸಡರೋ ಆಗಿದ್ದರೆ ಲೆಕ್ಕ ಬೇರೆ. ಅವು ಹಿಂದಿನ ಚಕ್ರದಿಂದ ತಳ್ಳುವ ಗಾಡಿಗಳು. ಅವುಗಳ ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ಕೊಳವೆ ತಿರುಗುತ್ತಿರುತ್ತದೆ, ಅದರ ತುದಿಯ ಕೀಲಿಗೆ 'ಕ್ರಾಸ್' ಎನ್ನುತ್ತಾರೆ. ಅದು ಸವೆದರೆ ನಡುಕ ಕೈಗಿಂತ ಸೀಟಿನ ಕೆಳಗೆ, ಪಾದದ ಕೆಳಗೆ ತಿಳಿಯುತ್ತದೆ. ರಿವರ್ಸಿನಿಂದ ಒಂದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗಿನಿಂದ 'ಟಣ್' ಎಂದು ಸದ್ದು ಬಂದರೆ ಕ್ರಾಸ್ ನೋಡಲು ಹೇಳಿ.

ಹೆಂಗಸರಿಗೆ ಇದೆಲ್ಲ ಏಕೆ ಎನ್ನುವವರಿಗೆ

ಕಾರು ಹುಟ್ಟಿದ ಮೊದಲ ದಿನಗಳಲ್ಲೇ ಇದಕ್ಕೆ ಉತ್ತರ ಸಿಕ್ಕಿದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಮೋಟಾರು ಗಾಡಿಯನ್ನು ಅವನಿಗೆ ಹೇಳದೆ ತೆಗೆದುಕೊಂಡು, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟುಬಿಟ್ಟಳು. ಸುಮಾರು ನೂರು ಕಿಲೋಮೀಟರು, ಹೆಚ್ಚುಕಡಮೆ ರಾಬರ್ಟ್‌ಸನ್‌ಪೇಟೆಯಿಂದ ಬೆಂಗಳೂರಿಗೆ ಇರುವಷ್ಟು. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ಒಬ್ಬ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಇಂಧನ ಮುಗಿದಾಗ ವೀಸ್‌ಲಾಕ್ ಊರಿನ ಔಷಧದ ಅಂಗಡಿಯಲ್ಲಿ ಕೊಂಡಳು. ದಿಣ್ಣೆ ಬಂದಾಗ ಮಕ್ಕಳು ಇಳಿದು ತಳ್ಳಿದರು. ಆ ಕಾಲದಲ್ಲಿ ಅಷ್ಟು ದೂರ ಮೋಟಾರು ಗಾಡಿ ಓಡಿಸಿದವರು ಬೇರೆ ಯಾರೂ ಇರಲಿಲ್ಲ. ತವರಿಗೆ ಹೋಗುವ ಹೆಣ್ಣನ್ನು ತಡೆಯುವವರುಂಟೇ!

ನೀವು ಪಿನ್ನು ಹಿಡಿದು ಕಾರಿನ ಕೆಳಗೆ ನುಗ್ಗಬೇಕಿಲ್ಲ. ಜಾಕಿನ ಮೇಲೆ ನಿಂತ ಕಾರಿನ ಕೆಳಗಂತೂ ತಲೆ ಹಾಕಲೇಬಾರದು. ಆದರೆ ಕೆಲವು ಕೆಲಸ ನಿಮ್ಮದೇ. ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ ಆರಿಸಿ, ಟಾರ್ಚು ಹಿಡಿದು ಚಕ್ರದ ಹಿಂದೆ ನೋಡಿ. ಹೊರಗಿನ ಬೂಟು ಕಾಣುತ್ತದೆ. ಬಿರುಕು ಬಿಟ್ಟಿದೆಯೇ? ಚಕ್ರದ ಒಳಬದಿಗೆ ಕಾಡಿಗೆಯಂಥ ಗ್ರೀಸು ಸಿಡಿದಿದೆಯೇ? ಒಳಗಿನ ಬೂಟು ನಮಗೆ ಕಾಣುವುದಿಲ್ಲ, ಅದನ್ನು ಮೆಕ್ಯಾನಿಕ್ಕಿಗೆ ಹೇಳಿ ನೋಡಿಸಬೇಕು.

ಗ್ಯಾರೇಜಿಗೆ ಹೋದಾಗ "ಗಾಡಿ ನಡುಗುತ್ತೆ" ಎಂದಷ್ಟೇ ಹೇಳಿದರೆ ಅವರಿಗೆ ತೋಚಿದ್ದನ್ನು ಬದಲಾಯಿಸುತ್ತಾರೆ. ಅದರ ಬದಲು ಹೀಗೆ ಹೇಳಿ ನೋಡಿ: "ಐವತ್ತರಿಂದ ಎಪ್ಪತ್ತರವರೆಗೆ ಒತ್ತಿದಾಗ ಮಾತ್ರ ನಡುಗುತ್ತೆ, ಕಾಲೆತ್ತಿದರೆ ನಿಲ್ಲುತ್ತೆ, ಮೂರನೇ ಗೇರಲ್ಲೂ ನಾಲ್ಕನೇ ಗೇರಲ್ಲೂ ಒಂದೇ ಥರ, ನಿಂತಾಗ ಏನೂ ಇಲ್ಲ." ಇಷ್ಟು ಹೇಳಿದವರಿಗೆ ಟೈರು ಮಾರುವುದು ಅಷ್ಟು ಸುಲಭವಲ್ಲ! ಏನನ್ನೂ ಬಿಚ್ಚುವ ಮುಂಚೆ ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬನ್ನಿ. ಅವನು "ಬೇಡಮ್ಮ, ಗೊತ್ತಾಯ್ತು" ಎಂದರೆ ನೀವು ಬೇರೆ ಗ್ಯಾರೇಜು ನೋಡಿಕೊಳ್ಳಿ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ತನ್ನಿ, ಗುಜರಿಗಾದರೂ ಆಯಿತು.

ಕೆಲಸ ಮುಗಿದ ಮೇಲೆ ಮತ್ತೆ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅದೇ ಗೇರಿನಲ್ಲಿ ಓಡಿಸಿ ನೋಡಿ, ಆಮೇಲೆ ದುಡ್ಡು ಎಣಿಸಿ. ಆಕ್ಸಿಲ್ ಬದಲಾಯಿಸಲು ಚಕ್ರ ಬಿಚ್ಚಿರುತ್ತಾರಾದ್ದರಿಂದ, ನೂರು ಕಿಲೋಮೀಟರು ಓಡುವುದರೊಳಗೆ ಆ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ನೋಡಿಸಿ. ಬೂಟುಗಳನ್ನು ಪ್ರತಿ ಸಲ ಎಂಜಿನ್ ಆಯಿಲ್ ಬದಲಾಯಿಸುವಾಗ ನೋಡಿಸಿದರೆ ಸಾಕು, ಗಾಡಿ ಹೇಗೂ ಆಗ ಮೇಲೆತ್ತಿರುತ್ತದೆ.